ಮಾಳಿಗೆಯ ಮೇಲೆ ಅಕ್ಕನ ಅಂಗೈ

ಅಕ್ಕನ ಪರವಾಗಿ ಪೊಲೀಸ್ ಠಾಣೆಗೆ ಕೊಟ್ಟ ದೂರು ನನ್ನ ಕೈಬರಹದಲ್ಲಿದೆ. 'ಯಾರೋ ಅಪರಿಚಿತ ವ್ಯಕ್ತಿಗಳು ನಮ್ಮ ಮನೆಯ ಮಾಳಿಗೆಯ ಮೇಲೆ ಡ್ರೋನ್ ಹಾರಿಸಿ ನನ್ನನ್ನು ಕೇಳದೆ ವಿಡಿಯೋ ತೆಗೆದಿರುತ್ತಾರೆ' ಎಂದು ಬರೆದಿದ್ದೇನೆ. ಆ ಸಾಲು ಬರೆಯುವಾಗ ಆ ಡ್ರೋನು ನನ್ನ ಸ್ಕೂಟರಿನ ಡಿಕ್ಕಿಯಲ್ಲಿತ್ತು.

ನಾನು ಓದಿದ್ದು ಏಳನೇ ತರಗತಿ. ತಪ್ಪಿಲ್ಲದೆ ಬರೆಯುವುದನ್ನು ಕಲಿತದ್ದು ಶಾಲೆಯಲ್ಲಲ್ಲ, ಮದುವೆ ಆಲ್ಬಮ್ಮುಗಳ ಮೇಲೆ ವಧೂವರರ ಹೆಸರು ಹಾಕುತ್ತಾ. ಮೊದಲು ಮದುವೆಗಳಲ್ಲಿ ಲೈಟು ಹಿಡಿಯುತ್ತಿದ್ದೆ, ಆಮೇಲೆ ಕ್ಯಾಮೆರಾ ಹಿಡಿದೆ, ಆಮೇಲೆ ಕೊಟ್ಟೂರಿನಲ್ಲಿ ಒಂದು ಶಟರಿನ ಅಂಗಡಿ ಹಾಕಿದೆ. ನಮ್ಮ ಊರು ಅಲ್ಲಿಂದ ಹರಪನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಗಿರಾಕಿಗಳು 'ಮ್ಯಾಲಿನ ಶಾಟ್ ಐತೇನ್ರಿ' ಎಂದು ಕೇಳತೊಡಗಿದ ಮೇಲೆ ಡ್ರೋನು ತಂದೆ. ಹಗುರವಾದದ್ದು, ಅಂಗೈಯಲ್ಲಿ ಇಟ್ಟುಕೊಳ್ಳಬಹುದು. ನೋಂದಣಿ, ನಿಯಮ ಎಂದು ಏನೋ ಇದೆಯೆಂದು ಕೇಳಿದ್ದೆ. ಇಷ್ಟು ಸಣ್ಣದನ್ನು ಯಾರು ಕೇಳುತ್ತಾರೆ ಎಂದು ಸುಮ್ಮನಿದ್ದೆ. ಯಾರೂ ಕೇಳಲೂ ಇಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳನ್ನು ಊರಲ್ಲೇ, ನಮ್ಮ ಸೋದರಮಾವನ ಮಗನಿಗೆ ಕೊಟ್ಟಿದ್ದಾರೆ. ಭಾವ ಹಿಟ್ಟಿನ ಗಿರಣಿ ನಡೆಸುತ್ತಾನೆ. ಮೂವತ್ತು ವರ್ಷ ಆ ಸದ್ದಿನಲ್ಲಿದ್ದು ಕಿವಿ ಮಂದವಾಗಿದೆ. ಅಪ್ಪ ಹೋದ ಮೇಲೆ ಅವ್ವ ಅಕ್ಕನ ಮನೆಯಲ್ಲೇ ಇದ್ದಳು. ನಾನು ಕೊಟ್ಟೂರಿನಲ್ಲಿ ಸಂಸಾರ ಹೂಡಿದ ಮೇಲೂ ಊರಿಗೆ ಬಂದರೆ ಊಟ ಅಕ್ಕನ ಕೈಯದೇ.

ನಮ್ಮ ಜನರಲ್ಲಿ ಲಿಂಗ ಕಟ್ಟಿಸಿಕೊಂಡವರು ಅದನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಾರೆ. ದಿನಾ ಮಿಂದು, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಾರೆ. ಅದು ಇನ್ನೊಬ್ಬರಿಗೆ ತೋರಿಸುವುದಲ್ಲ, ಇನ್ನೊಬ್ಬರು ಮುಟ್ಟುವುದಂತೂ ಅಲ್ಲವೇ ಅಲ್ಲ. ಹೆಂಗಸರು ಅಂಗೈಗೆ ಸೆರಗು ಮರೆ ಮಾಡಿಕೊಂಡು ಕೂರುತ್ತಾರೆ. ಸತ್ತಾಗ ಅದೇ ಅಂಗೈಯಲ್ಲಿ ಅದನ್ನಿಟ್ಟು ಸಮಾಧಿ ಮಾಡುತ್ತಾರೆ. ಅಕ್ಕ ಪೂಜೆ ಮಾಡುವುದು ಮಾಳಿಗೆಯ ಮೇಲೆ. ನಮ್ಮ ಓಣಿಯಲ್ಲಿ ಅದೇ ಎತ್ತರದ ಮಾಳಿಗೆ, ಸುತ್ತ ಮೊಣಕಾಲೆತ್ತರದ ಕಟ್ಟೆ ಇದೆ. ಬೇರೆ ಯಾವ ಮನೆಯ ಮೇಲೆ ನಿಂತರೂ ಅವಳು ಕಾಣುವುದಿಲ್ಲ. ಸೋಮವಾರ ಓಣಿಯ ಹೆಂಗಸರೂ ಅಲ್ಲಿಗೆ ಬರುತ್ತಿದ್ದರು. ಹೊಸದಾಗಿ ಲಿಂಗ ಕಟ್ಟಿಸಿಕೊಂಡ ಹುಡುಗಿಯರನ್ನು ಮೊದಲ ಪೂಜೆಗೆ ಅಕ್ಕನ ಪಕ್ಕದಲ್ಲೇ ಕೂಡಿಸುತ್ತಿದ್ದರು. ಮೂರನೇ ತರಗತಿ ಓದಿದ ನನ್ನ ಅಕ್ಕನಿಗೆ ಊರಲ್ಲಿ ಇದ್ದ ಗೌರವವೆಂದರೆ ಅದೊಂದೇ. ಅವಳಿಗೆ ಬೇಕಾಗಿದ್ದದ್ದೂ ಅದೊಂದೇ.

ದೂರು ಕೊಟ್ಟ ವರ್ಷವೇ ಮನೆಗಳಿಗೆ ಹಕ್ಕುಪತ್ರ ಕೊಡುತ್ತೇವೆಂದು ಸರ್ಕಾರದವರು ಊರ ಮೇಲೆ ಡ್ರೋನ್ ಹಾರಿಸಿ ಸರ್ವೆ ಮಾಡಿದ್ದರು. ಹಿಂದಿನ ದಿನವೇ ಡಂಗುರ ಸಾರಿ, ಎಲ್ಲರೂ ತಮ್ಮ ತಮ್ಮ ಜಾಗದ ಸುತ್ತ ಸುಣ್ಣದ ಗೆರೆ ಹಾಕಬೇಕೆಂದು ಹೇಳಿದ್ದರು. ಅಕ್ಕ ಸುಣ್ಣದ ನೀರು ಕಲಸಿ ಮನೆ ಸುತ್ತ ಗೆರೆ ಎಳೆದಳು. ಗಟಾರದ ಹತ್ತಿರ ಒಂದು ಗೇಣು ಜಾಗಕ್ಕೆ ಪಕ್ಕದ ಮನೆಯ ದೊಡ್ಡವ್ವನ ಜೊತೆ ವಾದವೂ ಆಯಿತು.

"ಏ ಹುಡುಗಿ, ಗೆರಿ ಈ ಕಡಿಗೆ ಬಂದೈತಿ ನೋಡು."

"ಗೆರಿ ಬಂದಿಲ್ಲ ದೊಡ್ಡವ್ವ, ನಿನ್ನ ಕಣ್ಣು ಬಂದಾವ."

ಹಾಗೆ ನಗುತ್ತಲೇ ಇಬ್ಬರೂ ಗೆರೆ ಎಳೆದು ಮುಗಿಸಿದರು. ಅಂದಿನಿಂದ ನಮ್ಮ ಊರಿನವರಿಗೆ ಮೇಲೆ ಜೇನಿನಂತೆ ಗುಂಯ್ ಎಂದು ಸದ್ದು ಬಂದರೆ ಅದು ಸರ್ವೆ. ಸರ್ಕಾರದ್ದು. ಮನೆ ಅಳೆದುಕೊಂಡು ಹೋಗುತ್ತದೆ. ಯಾರೂ ಒಳಗೆ ಓಡುತ್ತಿರಲಿಲ್ಲ.

ಆಮೇಲೆ ಕೆಲವು ತಿಂಗಳಿಗೆ ಹಲವಾಗಲಿನ ಹೊಳೆಯ ದಂಡೆಯಲ್ಲಿ ಒಂದು ಜೋಡಿಯ ವಿಡಿಯೋ ತೆಗೆಯುವಾಗ ಗಾಳಿಗೆ ಸಿಕ್ಕಿ ನನ್ನ ಡ್ರೋನಿನ ಒಂದು ರೆಕ್ಕೆ ಮುರಿಯಿತು. ಹೊಸದು ಹಾಕಿಸಿದೆ. ಹಡಗಲಿಯ ಮದುವೆಗೆ ಮೊದಲು ಒಮ್ಮೆ ಹಾರಿಸಿ ನೋಡೋಣವೆಂದು ಊರಿಗೆ ಬಂದು, ಬೆಳಿಗ್ಗೆ ಕಣದಲ್ಲಿ ನಿಂತು ಮೇಲೆ ಬಿಟ್ಟೆ. ಪರದೆಯಲ್ಲಿ ಇಡೀ ಊರು ಕಂಡಿತು. ಗಿರಣಿಯ ತಗಡು, ಗುಡಿಯ ಕಳಸ, ಹಾಗೇ ಅಕ್ಕನ ಮಾಳಿಗೆ. ಅವಳು ಒಬ್ಬಳೇ ಮೂಡಲಿಗೆ ಮುಖ ಮಾಡಿ ಕೂತಿದ್ದಳು. ಹಣೆಯ ವಿಭೂತಿಯ ಮೇಲೆ ಬಿಸಿಲು ಬಿದ್ದಿತ್ತು. ಡ್ರೋನನ್ನು ಕೆಳಗಿಳಿಸಿದೆ, ಪಕ್ಕಕ್ಕೆ ತಂದೆ, ಇನ್ನೂ ಹತ್ತಿರ ಮಾಡಿದೆ. ಮದುವೆ ಮನೆಗಳಲ್ಲಿ ಗುರುತಿಲ್ಲದ ಹೆಂಗಸರಿಗೂ 'ಅವ್ವಾರ, ಫೋಟೋ ತೆಗೀತೀನಿ, ಸೆರಗು ಸರಿ ಮಾಡ್ಕಳ್ರಿ' ಎಂದು ಹೇಳಿಯೇ ತೆಗೆಯುವವನು ನಾನು. ಅವತ್ತು ನನ್ನ ಅಕ್ಕನಿಗೆ ಹೇಳಬೇಕೆಂದು ಹೊಳೆಯಲಿಲ್ಲ. ಚೆನ್ನಾಗಿ ಕಂಡಿತು, ತೆಗೆದೆ. ಅಷ್ಟೇ.

ಸಂಜೆ ಅದನ್ನು ಐದು ತಾಲೂಕಿನ ಫೋಟೋದವರ ವಾಟ್ಸಾಪ್ ಗುಂಪಿಗೆ ಹಾಕಿದೆ. ರೆಕ್ಕೆ ಹೊಸದಾದರೂ ಚಿತ್ರ ಅಲುಗಾಡಿಲ್ಲ, ನೋಡಿ ಎಂದು ತೋರಿಸುವುದಕ್ಕೆ. ಅವಳು ನನ್ನ ಅಕ್ಕ ಎಂದು ಬರೆಯಲಿಲ್ಲ. ಯಾರೋ ಅದಕ್ಕೊಂದು ಭಕ್ತಿಗೀತೆ ಕೂಡಿಸಿ ಇನ್ನೆಲ್ಲೋ ಹಾಕಿದರು. ಮೂರ್ನಾಲ್ಕು ದಿನದಲ್ಲಿ ಅದು ತಿರುಗಿ ನಮ್ಮ ಊರಿನ ಫೋನುಗಳಿಗೇ ಬಂತು. ಮೊದಲು ಎಲ್ಲರೂ ಕೈ ಮುಗಿದರು. ಆಮೇಲೆ ಯಾರೋ ಚಿತ್ರ ನಿಲ್ಲಿಸಿ, ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದರು. ಸೆರಗು ಎದುರಿನವರಿಗೆ ಮರೆಯಾಗಿತ್ತೇ ಹೊರತು ಮೇಲಿನಿಂದ ನೋಡುವವರಿಗಲ್ಲ. ಅಕ್ಕನ ಅಂಗೈಯಲ್ಲಿ ನೀರಿತ್ತು, ವಿಭೂತಿಯ ಮೂರು ಗೆರೆ ಇತ್ತು, ಒಂದು ಬಿಲ್ವದ ಎಲೆ ಇತ್ತು. ಲಿಂಗ ಇರಲಿಲ್ಲ.

ಈ ಮಾತು ನನ್ನ ಕಿವಿಗೆ ಬಿದ್ದದ್ದು ಗಿರಣಿಯಲ್ಲಿ. ದೊಡ್ಡವ್ವ ಜೋಳದ ಡಬ್ಬಿ ಇಳಿಸಿ ಭಾವನಿಗೆ ಕೂಗಿ ಹೇಳುತ್ತಿದ್ದಳು.

"ನಿನ್ನ ಹೇಣ್ತಿ ಬರಿಗೈ ಪೂಜಿ ಮಾಡ್ತಾಳಂತಲ್ಲೋ!"

"ಏನು? ಬರಗ? ಆ ಕಾಳು ಇಲ್ಲಿ ಒಡಿಯಂಗಿಲ್ಲ, ಕೊಟ್ಟೂರಿಗೆ ತಗಂಡೋಗು."

"ಬರಗ ಅಲ್ಲೋ ಕಿವುಡಾ, ಬರಿಗೈ! ನಮ್ಮ ಮೊಮ್ಮಗಳ್ನ ಆಕಿ ಪಕ್ಕದಾಗ ಕುಂದ್ರಿಸಿದ್ನಲ್ಲೋ ನಾನು. ಲಿಂಗ ಇಲ್ಲದಾಕಿ ಪಕ್ಕದಾಗ!"

ಭಾವ ಯಂತ್ರದ ಪಟ್ಟಿ ಬಿಚ್ಚಿ, ಗಿರಣಿ ಬಂದ್ ಮಾಡಿದ.

ಮುಂದಿನ ಸೋಮವಾರ ನಾನು ಬೇಕೆಂದೇ ಊರಿಗೆ ಬಂದೆ. ಅಕ್ಕ ಮಾಳಿಗೆಯ ಮೇಲೆ ಎಂದಿನಂತೆ ಚಾಪೆ ಹಾಸಿ, ತಂಬಿಗೆಯಲ್ಲಿ ನೀರಿಟ್ಟು ಕೂತಿದ್ದಳು. ಬಿಸಿಲು ಏರುವ ತನಕ ಕೂತಳು. ಒಬ್ಬರೂ ಮೆಟ್ಟಿಲು ಹತ್ತಲಿಲ್ಲ. ಕೆಳಗೆ ಓಣಿಯಲ್ಲಿ ಹೆಂಗಸರು ಮಾತಾಡಿಕೊಂಡು ಹೋಗುವ ದನಿ ಕೇಳುತ್ತಿತ್ತು. ಅಕ್ಕನ ಮನೆಯ ಮುಂದೆ ಬಂದಾಗ ದನಿ ತಗ್ಗುತ್ತಿತ್ತು. ಕಡೆಗೆ ಅವಳು ಎದ್ದು ಚಾಪೆಗಳನ್ನು ಒಂದೊಂದಾಗಿ ಸುತ್ತಿದಳು.

"ಇವತ್ತು ಎಲ್ಲಾರಿಗೂ ಕೆಲಸ ಇದ್ದಂಗೈತಿ" ಎಂದಳು. ಆಮೇಲೆ, ನನ್ನ ಕಡೆ ತಿರುಗದೆ, "ಅದನ್ನ ಹಾರಿಸಿದ್ದು ಯಾರು ಲೇ? ನಿನ್ನ ಕಸಬು ಅದಾ ಅಲ್ಲಾ, ನಿನಗ ಗೊತ್ತಾಗತೈತಿ."

"ಸರ್ವೇದವ್ರು ಇರಬೇಕು" ಎಂದೆ.

ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದ ತಪ್ಪು ಇದು. ಹಾರಿಸಿದ್ದು ಬುದ್ಧಿಗೇಡಿತನ, ಬುದ್ಧಿಗೇಡಿತನವನ್ನು ಅಕ್ಕಂದಿರು ಕ್ಷಮಿಸುತ್ತಾರೆ. ಅವಳು ನೇರವಾಗಿ ಕೇಳಿದಾಗ, ಅವಳ ಮನೆಯ ಮೇಲೆಯೇ ನಿಂತು, ಊರಿನವರ ನಂಬಿಕೆಯ ಹಿಂದೆ ಅಡಗಿಕೊಂಡೆ.

ಅವಳು ನಂಬಿದಳು. "ಸರ್ಕಾರದ್ದು ಅಂತ ನಾನೂ ಸುಮ್ನ ಕುಂತೆ ನೋಡು. ಸಪ್ಪಳ ಕೇಳಿತ್ತು. ಮನಿ ಅಳೀಲಿ ಅಂತಂದೆ. ಮನಿ ಅಳಿಯಾಕ ಬಂದೋರು ನನ್ನ ಕೈ ಯಾಕ ಅಳದ್ರು?"

ಅಂಗೈ ಯಾಕೆ ಬರಿದಾಗಿತ್ತು ಎಂದು ನಾನು ಕೇಳಲಿಲ್ಲ. ಭಾವನೂ ಕೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವಳು ಮಾತ್ರ ಠಾಣೆಗೆ ಹೋಗಬೇಕು ಎಂದಳು. ಊರಿನ ಮಾತು ನಿಲ್ಲಿಸಲಿಕ್ಕಲ್ಲವಂತೆ. "ಕೇಳದ ಯಾಕ ನೋಡಿದ್ರು ಅಂತ ಯಾರಾರ ಒಬ್ರು ಅವ್ರನ್ನ ಕೇಳ್ಲಿ, ಅಷ್ಟಾ." ಜೊತೆಗೆ ನಾನೇ ಬರಬೇಕು, ನಾನೇ ಬರೆಯಬೇಕು. ನಮ್ಮ ಮನೆಯಲ್ಲಿ ಬರೆಯಲು ಬರುವವನು ನಾನೊಬ್ಬನೇ.

ಕೊಟ್ಟೂರಿನ ಠಾಣೆಯ ಹೊರಗೆ ಬೇವಿನ ಮರದಡಿ ಸ್ಕೂಟರಿನ ಸೀಟಿನ ಮೇಲೆ ಹಾಳೆ ಇಟ್ಟು ಬರೆದೆ. ಅಕ್ಕ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು. 'ಅಪರಿಚಿತ ವ್ಯಕ್ತಿಗಳು' ಎಂಬುದು ಅವಳ ಮಾತಲ್ಲ, ನನ್ನದು. ಓದಿ ಹೇಳಿದಾಗ "ಹಂಗಂದ್ರ?" ಎಂದಳು. "ಗುರುತಿಲ್ಲದೋರು" ಎಂದೆ. "ಹೂಂ, ಬರಿ" ಎಂದಳು.

ಒಳಗೆ ಒಬ್ಬ ಹೆಡ್ ಕಾನ್‌ಸ್ಟೆಬಲ್ಲು ಹಾಳೆಯನ್ನು ಎರಡು ಸಲ ಓದಿದರು. ವಯಸ್ಸಾದವರು, ಒರಟರಲ್ಲ.

"ಯಮ್ಮಾ, ತಪ್ಪು ತಿಳೀಬ್ಯಾಡ. ವಿಡಿಯೋದಾಗ ಜಳಕ ಮಾಡೋದು, ಬಟ್ಟಿ ಬದ್ಲಿ ಮಾಡೋದು, ಅಂಥದೇನಾರ ಐತೇನು?"

"ಇಲ್ರಿ ಸಾಹೇಬ್ರ."

"ಯಾರಾರ ಅಸಹ್ಯವಾಗಿ ಬರದಾರೇನು? ದುಡ್ಡು ಕೊಡು ಅಂತ ಹೆದರಿಸ್ಯಾರೇನು?"

"ಇಲ್ರಿ."

"ಮತ್ತೇನೈತಿ ಅದ್ರಾಗ?"

"ಪೂಜಿ ಮಾಡಾಕತ್ತಿದ್ದೆ."

ಅವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. "ಪೂಜಿ ನೋಡಿದ್ರ ಪುಣ್ಯ ಬರತೈತಿ ಅಂತಾರಲ್ಲಮ್ಮ. ಇದಕ್ಕ ಯಾವ ಸೆಕ್ಷನ್ ಹಾಕ್ಲಿ ನಾನು?" ಎಂದರು. ಆದರೂ ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಟ್ಟರು. ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಹಾರಿಸಿದವರು ಯಾರೆಂದು ಗೊತ್ತಾದರೆ ಬಂದು ಹೇಳಿ ಎಂದರು. ನಾನು ತಲೆಯಾಡಿಸಿದೆ.

ಇಷ್ಟಕ್ಕೇ ಬಿಡುತ್ತಾಳೆ ಅಂದುಕೊಂಡಿದ್ದೆ. ಬಿಡಲಿಲ್ಲ. ಕೂಡ್ಲಿಗಿಯಲ್ಲಿ ಭಾವನ ಗುರುತಿನ ವಕೀಲರೊಬ್ಬರಿದ್ದರು. ಆ ವಾರವೇ ಅಲ್ಲಿಗೆ ಹೊರಟಳು. ಸ್ಕೂಟರು ದೂರಕ್ಕೆ ಬೇಡವೆಂದು ಬಸ್ಸಿಗೆ ಹೋದೆವು. ವಕೀಲರು ಕೋರ್ಟಿನ ಎದುರಿನ ತಮ್ಮ ಕೋಣೆಯಲ್ಲಿ ಬಹಳ ತಾಳ್ಮೆಯಿಂದ ಹೇಳಿದರು. ಹೆಣ್ಣುಮಗಳು ಮೀಯುವಾಗ, ಬಟ್ಟೆ ಬದಲಿಸುವಾಗ, ಯಾರೂ ನೋಡುವುದಿಲ್ಲವೆಂದು ನಂಬಿಕೊಂಡ ಅಂಥ ಹೊತ್ತಿನಲ್ಲಿ ಕದ್ದು ನೋಡಿದರೆ, ಚಿತ್ರ ತೆಗೆದರೆ ಅದಕ್ಕೆ ಕಲಮು ಇದೆ, ಜೈಲು ಇದೆ. ಮುಚ್ಚಿಕೊಳ್ಳುವ ಅಂಗಗಳ ಚಿತ್ರ ತೆಗೆದು ಕಳಿಸಿದರೆ ಇನ್ನೊಂದು ಕಾನೂನಿದೆ. ಡ್ರೋನಿಗೇ ಬೇರೆ ನಿಯಮಗಳಿವೆ, ಅವು ತೂಕ, ನೋಂದಣಿ, ಎಲ್ಲಿ ಹಾರಿಸಬಾರದು ಎಂಬುದರ ಬಗ್ಗೆಯೇ ಹೆಚ್ಚು. ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ದೇಶದ ದೊಡ್ಡ ನ್ಯಾಯಾಲಯ ಹೇಳಿದೆ, ಅದು ನಿಜ. ಆದರೆ ಮೈತುಂಬ ಬಟ್ಟೆಯುಟ್ಟು ಮಾಳಿಗೆಯ ಮೇಲೆ ಕೂತವಳ ಅಂಗೈಯನ್ನು ನೋಡಿದ್ದು ಯಾವ ಕಲಮಿನೊಳಗೆ ಕೂರುತ್ತದೆ ಎಂದು ಹೇಳುವಾಗ ಅವರೂ ತಡವರಿಸಿದರು.

"ಅಂದ್ರ ಬತ್ತಲಿದ್ರ ಮಾತ್ರ ಕಾನೂನು ಬರತೈತಾ?" ಎಂದಳು ಅಕ್ಕ.

"ಹಂಗಲ್ಲಮ್ಮ..."

"ಆ ಖಾಸಗಿತನ ಅಂದ್ರಲ್ಲ, ಏನ್ರಿ ಅದು?"

ವಕೀಲರು 'ಮರೆ'ಯನ್ನು ನಮ್ಮ ಕಡೆಯ ಬಾಯಲ್ಲೇ ಹೇಳಿ, "ಮರಿ ಅಂತ ತಿಳ್ಕೊ. ನಿನ್ನ ಮರಿ. ಇನ್ನೊಬ್ರು ದಾಟಿ ಬರಬಾರದ್ದು" ಎಂದರು.

"ಅದಕ್ಕ ನಮ್ಮೂರಾಗ ಒಂದು ಐತ್ರಿ" ಎಂದಳು ಅಕ್ಕ. "ಮಳಿಗಾಲಕ್ಕ ಮೊದಲ ಮಾಳಿಗಿಗೆ ಮಣ್ಣು ಹಾಕಾಕ ಗಂಡಸ್ರು ಏರ್ತಾರಲ್ಲ, ಏರೋಕಿಂತ ಮೊದಲ ಕೂಗ್ತಾರ. ಮಾಳಿಗಿ ಏರಾಕತ್ತೀವ್ರೇ, ಅಂತ. ಬಚ್ಚಲದಾಗ ಇದ್ದೋರು, ಹಿತ್ತಲದಾಗ ಇದ್ದೋರು ಸಂಭಾಳಿಸ್ಕಂತಾರ. ಬತ್ತಲಿರ್ಲಿ, ಉಟ್ಟಿರ್ಲಿ, ಉಣ್ಣಾಕ ಕುಂತಿರ್ಲಿ. ಕೂಗದ ಏರಿದೋನ್ನ ಯಾರೂ ಮುಂದಿನ ವರ್ಷ ಕೆಲಸಕ್ಕ ಕರಿಯಂಗಿಲ್ಲ."

ವಕೀಲರು ನಕ್ಕರು, ಅಣಕದಿಂದಲ್ಲ. "ಅದು ನಮ್ಮ ಪುಸ್ತಕದಾಗ ಇಲ್ಲಮ್ಮ."

"ಇರಬೇಕಿತ್ತು ನೋಡ್ರಿ."

ಏನೇ ಮಾಡಬೇಕಾದರೂ ಹಾರಿಸಿದವರ ಹೆಸರು ಬೇಕು, ಅದಿಲ್ಲದೆ ಇದು ಬರಿ ಕಾಗದ ಎಂದು ಅವರು ಮಾತು ಮುಗಿಸಿದರು. ನಾನು ಅಷ್ಟು ಹೊತ್ತೂ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಕೂಡ್ಲಿಗಿ ದಾಟಿದ ಮೇಲೆ, ನಾನು ಕೇಳದಿದ್ದರೂ, ಹೇಳಿದಳು.

"ಅವ್ವಂದು ಆಸ್ಪತ್ರ್ಯಾಗ ಕಳೀತಲ್ಲ, ಅದಕ್ಕ."

ಎರಡು ವರ್ಷದ ಹಿಂದೆ ಅವ್ವನನ್ನು ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದೆವು. ಸ್ಕ್ಯಾನಿಂಗಿಗೆ ಒಳಗೆ ಕರೆದೊಯ್ಯುವ ಮುಂಚೆ ಕೊರಳಲ್ಲಿರುವುದನ್ನು ತೆಗೆಯಬೇಕೆಂದರು. ಅವ್ವ ಒಪ್ಪಲಿಲ್ಲ; ಆಮೇಲೆ ಒಪ್ಪಿ, ದಾರದ ಸಮೇತ ಕರಡಿಗೆಯನ್ನು ತಾನೇ ಬಿಚ್ಚಿ ಕೊಟ್ಟಳು. ನಾನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಅದೇ ಹೊತ್ತಿಗೆ ಯಾವುದೋ ಮದುವೆಯವರ ಫೋನು ಬಂತು. ಮಾತಾಡುತ್ತಾ ಹೊರಗೆ ಹೋದೆ, ಬೆವರು ಒರೆಸಿಕೊಂಡೆ, ಚಹಾ ಕುಡಿದೆ. ಅವ್ವ ಮಾರನೆಯ ದಿನ ಹೋದಳು. ಜೇಬಿನಲ್ಲಿ ಕರವಸ್ತ್ರ ಇರಲಿಲ್ಲ, ಕರಡಿಗೆಯೂ ಇರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಊರಿಗೆ ತಂದು ಅವ್ವನನ್ನು ಪಡಸಾಲೆಯಲ್ಲಿ ಕೂಡಿಸಿದಾಗ ಸಮಾಧಿಯ ವಿಧಿ ಮಾಡಿಸುವ ಅಯ್ಯನೋರು ಬಂದು 'ತಾಯಿ ಲಿಂಗ ಎಲ್ಲೈತಿ' ಎಂದು ಕೇಳಿದರು. ಅಷ್ಟರಲ್ಲಿ ಅಕ್ಕ 'ಇಲ್ಲೈತ್ರಿ' ಎಂದು ಒಳಗಿನಿಂದ ತಂದು ಅವ್ವನ ಅಂಗೈಯಲ್ಲಿಟ್ಟಳು. ಹಾಗಾದರೆ ಅವ್ವ ಆಮೇಲೆ ಅಕ್ಕನ ಕೈಗೆ ಕೊಟ್ಟಿರಬೇಕು, ನಾನು ಕಳೆದದ್ದು ಬೇರೆ ಏನೋ ಇರಬೇಕು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಎರಡು ವರ್ಷ ಅದನ್ನೇ ನಂಬಿದ್ದೆ. ನಂಬುವುದು ಸುಲಭವಿತ್ತು.

"ನಿಂದಾ ಕೊಟ್ಯಾ?" ಎಂದೆ.

"ಮತ್ತ? ಅವ್ವನ್ನ ಬರಿಗೈಲೆ ಕಳಸ್ಲಾ?"

"ಇನ್ನೊಂದು ಕಟ್ಟಿಸ್ಕಬೇಕಿತ್ತು ಅಕ್ಕ."

"ಮಠಕ್ಕ ಹೋದ್ರ ನಂದೇನಾತು ಅಂತ ಕೇಳ್ತಾರ. ನಂದು ಹೇಳಿದ್ರ ಅವ್ವಂದು ಏನಾತು ಅಂತ ಕೇಳ್ತಾರ. ಅವ್ವಂದು ಹೇಳಿದ್ರ..." ಅಲ್ಲಿಗೆ ನಿಲ್ಲಿಸಿ ಕಿಟಕಿಯಿಂದಾಚೆ ನೋಡಿದಳು. ಮೆಕ್ಕೆಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. "ಆಸ್ಪತ್ರ್ಯಾಗ ಯಾರ ಕೈಯಾಗ ಕೊಟ್ಲು ಅಂತ ನಾನು ಯಾರಿಗೂ ಕೇಳಿಲ್ಲ. ನೀನೂ ಹೇಳಬ್ಯಾಡ. ದಿನಾ ಕುಂತು ಕುಂತು ಈಗ ಕೈಯಾಗ ಇಲ್ಲ ಅಂತ ಅನ್ಸಾದಿಲ್ಲ ನನಗ."

ನನ್ನ ಹೆಸರು ಬರಬಾರದೆಂದು ಎರಡು ವರ್ಷ ಅವಳು ಬರಿ ಅಂಗೈ ಹಿಡಿದು ಕೂತಿದ್ದಳು. ಆ ಅಂಗೈಯನ್ನೇ ನಾನು ಊರಿಗೆಲ್ಲ ತೋರಿಸಿದ್ದೆ. ಬಸ್ಸಿನಲ್ಲಿ ಆಗಲೂ ನಾನು ಬಾಯಿ ಬಿಡಲಿಲ್ಲ. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಇಳಿದು, ಊರಿನ ಬಸ್ಸಿಗೆ ಕಾಯುತ್ತಾ ನಿಂತಾಗ ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ. ಅವಳು ನನಗೆ ಹಸಿವಾಗಿರಬೇಕೆಂದು ಮಿರ್ಚಿ ತಂದು ಕೈಗೆ ಕೊಟ್ಟಳು. ಅದನ್ನು ತಿನ್ನಲು ಆಗಲಿಲ್ಲ.

"ಅಕ್ಕ, ಡ್ರೋನ್ ಹಾರಿಸಿದ್ದು ನಾನು."

ಅವಳು ನನ್ನ ಕಡೆ ತಿರುಗಿದಳು.

"ಅರ್ಜಿ ಬರಿಯೋವಾಗ ಗೊತ್ತಿತ್ತಾ ನಿನಗ?"

"ಹೂಂ."

"ಮಾಳಿಗಿ ಮ್ಯಾಲ ನಾನು ಕೇಳಿದಾಗ?"

"ಹೂಂ."

"ನಡಿ" ಎಂದಳು. ಊರ ಕಡೆಗಲ್ಲ. ಠಾಣೆಯ ಕಡೆಗೆ ತಾನೇ ಮುಂದೆ ನಡೆದಳು. ಅರ್ಜಿ ವಾಪಸು ತೆಗೆದುಕೊಳ್ಳುತ್ತಾಳೆ ಎಂದು ಒಂದು ಆಸೆ ಇತ್ತು. ಒಳಗೆ ಹೋಗಿ ಅದೇ ಹೆಡ್ ಕಾನ್‌ಸ್ಟೆಬಲ್ಲಿಗೆ, "ಸಾಹೇಬ್ರ, ಗುರುತಿಲ್ಲದೋನು ಸಿಕ್ಕಾನ್ರಿ. ಇವನ ಹೆಸ್ರು ಬರ್ಕಳ್ರಿ" ಎಂದಳು.

ಅವರು ಕನ್ನಡಕ ಏರಿಸಿದರು. "ಇದೇನಪ್ಪಾ ಇದು! ಅರ್ಜಿ ಬರದೋನೂ ನೀನ, ಆರೋಪಿನೂ ನೀನ. ಇನ್ನ ಸಾಕ್ಷಿ ಹೇಳಾಕೂ ನೀನ ಬರ್ತೀಯೇನು?" ಆಮೇಲೆ ಅಕ್ಕನಿಗೆ, "ಒಡಹುಟ್ಟಿದೋನಮ್ಮ. ಯೋಚನಿ ಮಾಡು" ಎಂದರು.

"ಮಾಡೇನ್ರಿ. ಬ್ಯಾರೆ ಯಾರಾರ ಹಾರಿಸಿದ್ರ ಬರಸ್ತಿದ್ನಿಲ್ರಿ? ಇವಂದೂ ಬರೀರಿ."

ಬೇರೊಂದು ಹಾಳೆಯಲ್ಲಿ ನನ್ನ ಹೇಳಿಕೆ ಬರೆದುಕೊಟ್ಟೆ. ಡ್ರೋನನ್ನು ಅಂಗಡಿಯಿಂದ ತರಿಸಿ ಠಾಣೆಯಲ್ಲಿಟ್ಟುಕೊಂಡರು. ನೋಂದಣಿ ಇಲ್ಲದ್ದಕ್ಕೆ ಏನು, ಅಕ್ಕನ ವಿಷಯಕ್ಕೆ ಏನು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕರೆದಾಗ ಹೋಗಿ ಬರುತ್ತೇನೆ. ಅವತ್ತು ಮನೆ ಮುಟ್ಟಿದಾಗ ಭಾವ ಗಿರಣಿಯ ಬಾಗಿಲಲ್ಲಿ ಕಾಯುತ್ತಿದ್ದ.

"ಏನಂದ್ರು ವಕೀಲ್ರು?"

"ಮರಿ ಹೋಗೈತಿ ಅಂದ್ರು" ಎಂದಳು ಅಕ್ಕ.

"ಯಾರ ಮರಿ? ನಾವು ಕುರಿನ ಕಟ್ಟಿಲ್ಲಲ್ಲ!"

ಅಕ್ಕ ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದು ಸಲ. ನನ್ನ ಕಡೆ ನೋಡಿ ನಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ತಪ್ಪು ಒಂದೇ ಆಗುತ್ತಿತ್ತು. ಮಾರನೆಯ ದಿನ ಗಿರಣಿಯ ಮುಂದೆ ಹೆಂಗಸರು ಸಾಲಾಗಿ ಕೂತಿದ್ದಾಗ, ದೊಡ್ಡವ್ವ ಮತ್ತೆ ಬರಿಗೈಯ ಮಾತು ತೆಗೆದಳು. ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಅವ್ವನ ಲಿಂಗ ಕಳೆದವನು ನಾನು, ಅಕ್ಕ ತನ್ನದನ್ನು ಅವ್ವನಿಗೆ ಕೊಟ್ಟಳು, ಡ್ರೋನ್ ಹಾರಿಸಿದವನೂ ನಾನು ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಹೇಳಿದ ಮೇಲೆ ಮೈ ಹಗುರಾಯಿತು. ಹೆಂಗಸರು ಕಣ್ಣು ಒರೆಸಿಕೊಂಡರು. ದೊಡ್ಡವ್ವ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಅದೂ ಹಿತವಾಗಿಯೇ ಇತ್ತು. ನಾನು ಅಕ್ಕನ ಮಾನ ಉಳಿಸಿದೆ ಎಂದೇ ತಿಳಿದಿದ್ದೆ.

ಸೋಮವಾರ ಮಾಳಿಗೆ ಹಿಡಿಸಲಾರದಷ್ಟು ಜನ ಬಂದರು. ಪಕ್ಕದ ಊರಿನಿಂದಲೂ ಇಬ್ಬರು ಬಂದಿದ್ದರು. ತೆಂಗಿನಕಾಯಿ ತಂದರು, ಹೂ ತಂದರು, ಅಕ್ಕನ ಕಾಲು ಮುಟ್ಟಲು ಬಗ್ಗಿದರು. ಒಬ್ಬಾಕೆ ಅವಳ ಎಡಗೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅಕ್ಕ ಕೈ ಬಿಡಿಸಿಕೊಂಡು ಕೆಳಗಿಳಿದು ಬಂದಳು. ನಾನು ಒಲೆಯ ಹತ್ತಿರ ಕೂತಿದ್ದೆ.

"ಹೆಸ್ರು ಬರಿ ಅಂದೆ ನಿನಗ. ಕತಿ ಹೇಳು ಅಂದಿದ್ನೇನಲೇ?"

"ನಿನ್ನ ಕಳ್ಳಿ ಅಂತಿದ್ರು ಅಕ್ಕ..."

"ಮೊನ್ನೆ ಕಳ್ಳಿ ಅಂದ್ರು, ಇವತ್ತು ಶರಣಿ ಅಂತಾರ. ನನಗ ಎರಡೂ ಬೇಕಾಗಿರ್ಲಿಲ್ಲ. ಅದು ಅವ್ವಂದು ನಂದು ಇತ್ತು. ಯಾರಿಗೂ ಗೊತ್ತಿರ್ಲಿಲ್ಲ, ನಿನಗೂ ಗೊತ್ತಿರ್ಲಿಲ್ಲ. ಮೊದ್ಲ ಸಲ ಕಣದಾಗ ನಿಂತು ಹಾರಿಸ್ದೆ, ಈ ಸಲ ಗಿರಣ್ಯಾಗ ನಿಂತು ಹಾರಿಸ್ದೆ. ಅಷ್ಟಾ ಫರಕು."

ಅವಳು ನನ್ನ ಮೇಲೆ ದನಿ ಎತ್ತಿದ್ದು ನನಗೆ ಗೊತ್ತಿರುವಂತೆ ಅದೇ ಮೊದಲು. ಆಮೇಲೆ ಆರು ವಾರ ನನ್ನ ಜೊತೆ ಮಾತಾಡಲಿಲ್ಲ. ಹೋದರೆ ಊಟಕ್ಕೆ ಇಡುತ್ತಿದ್ದಳು.

ಈಗ ಮಠಕ್ಕೆ ಹೋಗಿ ಇನ್ನೊಂದು ಲಿಂಗ ಕಟ್ಟಿಸಿಕೊಂಡು ಬಂದಿದ್ದಾಳೆ. ಅಲ್ಲಿಯ ಸ್ವಾಮಿಗಳು ಏನೂ ಕೇಳಲಿಲ್ಲವಂತೆ, ಕೇಳುವುದಕ್ಕೆ ಉಳಿದಿದ್ದಾದರೂ ಏನು. ಸೋಮವಾರ ಹೆಂಗಸರು ಬರುತ್ತಾರೆ, ಚಾಪೆ ಕೊಟ್ಟು ಮೇಲೆ ಕಳಿಸುತ್ತಾಳೆ. ತಾನು ಏರುವುದಿಲ್ಲ. ಜೋಳದ ಚೀಲಗಳಿಟ್ಟ ಒಳಕೋಣೆಯಲ್ಲಿ ಬಾಗಿಲು ಎಳೆದುಕೊಂಡು ಕೂರುತ್ತಾಳೆ. ಅಲ್ಲಿ ಬೆಳಕು ಕಡಿಮೆ. ದೀಪ ಹಾಕಿಸಿಕೊಡುತ್ತೇನೆ ಎಂದೆ, ಬೇಡ ಎಂದಳು.

ಇದನ್ನು ಬರೆಯಬೇಕೆಂದು ನನಗೆ ಅನಿಸಿ ಬಹಳ ದಿನವಾಗಿತ್ತು. ಈ ಸಲ ಮೊದಲು ಅವಳನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ, "ಯಾಕ ಬರೀತಿ?" ಎಂದಳು. ಕೇಳದೆ ಹಾರಿಸುವವರು ನನ್ನಂಥವರು ಬಹಳ ಜನ ಇದ್ದಾರೆ, ಒಬ್ಬರಾದರೂ ಓದಲಿ ಎಂದೆ.

"ಬರ್ದು ತಂದು ಓದು. ಆಮ್ಯಾಲ ಹೇಳ್ತೀನಿ."

ಬರೆದು ತಂದು, ಅದೇ ಒಲೆಯ ಮುಂದೆ ಕೂತು ಓದಿದೆ. ಅಲ್ಲಲ್ಲಿ ತಡೆದಳು. ತನ್ನ ಹೆಸರು ತೆಗಿ ಎಂದಳು, ಊರಿನದು ತೆಗಿ ಎಂದಳು, ಮಠದ್ದು ತೆಗಿ ಎಂದಳು. "ದೊಡ್ಡವ್ವಂದೂ ತೆಗಿ, ಆಕಿ ಹೆಸ್ರು ಇದ್ರ ನನ್ನ ಜೀವ ತಿಂತಾಳ." ನನ್ನ ಹೆಸರಿನ ಹತ್ತಿರ ಬಂದಾಗ ನಾನೇ ನಿಲ್ಲಿಸಿ, ಇದಿರಲೇ ಎಂದು ಕೇಳಿದೆ. "ನಿನ್ನ ಹೆಸ್ರಿದ್ರ ನನ್ನ ಹೆಸ್ರು ಗೊತ್ತಾಗಂಗಿಲ್ಲೇನು? ಸ್ಟೇಷನ್ನ್ಯಾಗ ಐತಲ್ಲ, ಸಾಕು" ಎಂದಳು. ಅಂಗೈಯ ಮಾತು ಬಂದಾಗ, "ಅದು ಹೆಂಗೂ ಊರಿಗೆಲ್ಲ ಗೊತ್ತೈತಿ, ಇರ್ಲಿ ಬಿಡು" ಎಂದಳು.

ಕಡೆಯ ದಿನ ಆಸ್ಪತ್ರೆಯಲ್ಲಿ ಅವ್ವ ಅಕ್ಕನಿಗೆ ಹೇಳಿದ ಒಂದು ಮಾತು ಇದರಲ್ಲಿತ್ತು. ಅಕ್ಕ ಅದನ್ನು ನನಗೆ ಆ ಬಸ್ಸಿನಲ್ಲಿ ಹೇಳಿದ್ದಳು. ನಾನು ಓದುತ್ತಿದ್ದಂತೆ ಅವಳ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು.

"ಅದನ್ನ ತೆಗಿ" ಎಂದಳು.

ಅಲ್ಲೇ ಪೆನ್ನಿನಿಂದ ಹೊಡೆದೆ. ಹೊಡೆದದ್ದನ್ನು ತೋರಿಸಿದೆ. ಅವಳಿಗೆ ಅಷ್ಟು ಸಾಲದು. ಆ ಹಾಳೆಯನ್ನೇ ಹರಿದು ಒಲೆಗೆ ಹಾಕು ಎಂದಳು. ಹಾಕಿದೆ. ಅದರ ಹಿಂಬದಿಯಲ್ಲಿದ್ದ ಸಾಲುಗಳನ್ನು ಮತ್ತೆ ಹೊಸ ಹಾಳೆಯಲ್ಲಿ ಬರೆಯಬೇಕಾಯಿತು. ಬರೆದು ಮುಗಿಸುವ ತನಕ ಅವಳು ಎದುರಿಗೇ ಕೂತಿದ್ದಳು.

"ಈಗ ಮೊದಲಿಂದ ಓದು" ಎಂದಳು. "ಅದು ಇಲ್ಲ ಅಂತ ನಾನು ಕಿವೀಲೆ ಕೇಳಬೇಕು."